ಎಲೆ ಒಣಗಲು ಎಷ್ಟು ಹೊತ್ತು ಬೇಕು?

ತಂಪು ಮತ್ತು ತೇವದ ಹವೆಯಲ್ಲಿ ಕೈತೋಟ ಶುರು ಮಾಡಿದ ಮೊದಲ ವರ್ಷ ನಾನು ದಿನಾ ಸಂಜೆ ಗಿಡಗಳಿಗೆ ನೀರು ಹಾಕುತ್ತಿದ್ದೆ. ಆಕಾಶದ ತುಂಬ ಮೋಡ ಇರುತ್ತಿತ್ತು. ಎರಡು ದಿನಕ್ಕೊಮ್ಮೆ ಜಿಟಿಜಿಟಿ ಮಳೆ ಬರುತ್ತಿತ್ತು. ಆದರೂ ಹಾಕುತ್ತಿದ್ದೆ. ಗಿಡ ಅಂದಮೇಲೆ ಸಂಜೆ ನೀರು ಹಾಕಬೇಕು ಅನ್ನುವುದು ಕೈಗೆ ರೂಢಿಯಾಗಿ ಹೋಗಿತ್ತು.

ಆ ವರ್ಷ ಕುಂಡದಲ್ಲಿದ್ದ ಒಂದು ಮೆಣಸಿನಕಾಯಿ ಗಿಡ ಬಾಡಿತು. ಎಲೆಗಳು ಜೋತುಬಿದ್ದವು. ನೀರು ಸಾಲದೇನೋ ಅಂದುಕೊಂಡು ಇನ್ನಷ್ಟು ಹಾಕಿದೆ. ಮರುದಿನ ಇನ್ನೂ ಬಾಡಿತು. ಮತ್ತೆ ಹಾಕಿದೆ. ನಾಲ್ಕನೇ ದಿನ ಕಿತ್ತು ನೋಡಿದರೆ ಬೇರೆಲ್ಲ ಕಂದು ಬಣ್ಣಕ್ಕೆ ತಿರುಗಿ ಮೆತ್ತಗಾಗಿತ್ತು. ಬೆರಳಲ್ಲಿ ಹಿಡಿದು ಎಳೆದಾಗ ಮೇಲಿನ ಸಿಪ್ಪೆ ಕಳಚಿ ಬಂತು, ಒಳಗೆ ದಾರದಂಥ ನಾರು ಮಾತ್ರ ಉಳಿಯಿತು. ಮಣ್ಣು ಹುಳಿ ವಾಸನೆ ಬರುತ್ತಿತ್ತು.

ಬೇರಿಗೂ ಉಸಿರಾಡಬೇಕು. ಮಣ್ಣಿನ ಕಣಗಳ ನಡುವಿನ ಸಂದುಗಳಲ್ಲಿರುವ ಗಾಳಿಯೇ ಅದಕ್ಕೆ ಆಧಾರ. ಆ ಸಂದುಗಳಲ್ಲಿ ನೀರು ತುಂಬಿಕೊಂಡರೆ ಆಮ್ಲಜನಕ ಬೇರಿನ ತನಕ ತಲುಪುವುದೇ ಕಷ್ಟ. ಗಾಳಿಗೆ ಹೋಲಿಸಿದರೆ ನೀರಿನಲ್ಲಿ ಆಮ್ಲಜನಕ ಹರಡುವುದು ಸುಮಾರು 10,000 ಪಟ್ಟು ನಿಧಾನ. ಉಸಿರು ಕಟ್ಟಿದ ಬೇರು ನೀರು ಹೀರಲಾರದು. ಹಾಗಾಗಿ ನೀರಿನಲ್ಲೇ ನಿಂತ ಗಿಡ ಬಾಯಾರಿ ಬಾಡುತ್ತದೆ. ನೋಡುವವರಿಗೆ ಎರಡೂ ಬಾಡು ಒಂದೇ ಥರ ಕಾಣುತ್ತದೆ. ವ್ಯತ್ಯಾಸ ತಿಳಿಯಲು ಮಣ್ಣಿಗೆ ಬೆರಳು ಹಾಕಲೇಬೇಕು. ಎರಡು ಗೆಣ್ಣಿನಷ್ಟು ಒಳಗೆ ತೇವ ಇದ್ದು ಗಿಡ ಬಾಡಿದ್ದರೆ ನೀರಿನ ಪಾತ್ರೆ ಕೆಳಗಿಡಬೇಕು.

ಆ ಗಿಡ ಸತ್ತ ಮೇಲೆ ನಾನು ಓದಿದ್ದ ಸಲಹೆಗಳನ್ನೆಲ್ಲ ಮತ್ತೊಮ್ಮೆ ಓದಿದೆ. ನೀರು ಉಳಿಸಿ, ನೆಲಕ್ಕೆ ಹೊದಿಕೆ ಹಾಕಿ, ತೇವ ಆರದಂತೆ ನೋಡಿಕೊಳ್ಳಿ. ತಪ್ಪು ಸಲಹೆಗಳೇನಲ್ಲ. ಬಿಸಿಲು ಸುಡುವ ಕಡೆಗೆ ಬರೆದವು. ತಂಪು ತೇವದಲ್ಲಿ ತೋಟ ಮಾಡುವವರ ಕಷ್ಟ ತಿರುಗುಮುರುಗು. ಇಲ್ಲಿ ನೀರು ಬರುವುದು ಸುಲಭ, ಹೋಗುವುದು ಕಷ್ಟ. ಮಣ್ಣಿನಲ್ಲಿ, ಎಲೆಯ ಮೇಲೆ, ಕುಂಡದ ತಳದಲ್ಲಿ, ಗೊಬ್ಬರದ ಗುಂಡಿಯಲ್ಲಿ ಅದು ಬೇಕಾದ್ದಕ್ಕಿಂತ ಜಾಸ್ತಿ ಹೊತ್ತು ನಿಲ್ಲುತ್ತದೆ. ಅಂದಿನಿಂದ ತೋಟದಲ್ಲಿ ಏನೇ ಕೆಟ್ಟರೂ ನಾನು ಮೊದಲು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಇಲ್ಲಿ ನೀರು ಎಷ್ಟು ಹೊತ್ತು ನಿಲ್ಲುತ್ತಿದೆ?

ಕುಂಡಗಳ ವಿಷಯದಲ್ಲಿ ಒಂದು ನಂಬಿಕೆಯನ್ನು ಬಿಡಬೇಕಾಯಿತು. ತಳದಲ್ಲಿ ಜಲ್ಲಿ ಹಾಕಿದರೆ ನೀರು ಬೇಗ ಬಸಿಯುತ್ತದೆ ಅಂತ ನಾನೂ ನಂಬಿದ್ದೆ. ಆಗುವುದು ಬೇರೆ. ಸಣ್ಣ ಸಂದಿನ ಮಣ್ಣು ನೀರನ್ನು ಸ್ಪಂಜಿನ ಹಾಗೆ ಹಿಡಿದುಕೊಂಡಿರುತ್ತದೆ, ದೊಡ್ಡ ಸಂದಿನ ಜಲ್ಲಿಗೆ ಅಷ್ಟು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಮಣ್ಣಿನ ತಳದಲ್ಲಿ ನೀರು ಕಟ್ಟಿಕೊಳ್ಳುವ ಪದರ ಇದ್ದೇ ಇರುತ್ತದೆ. ಜಲ್ಲಿ ಹಾಕಿದರೆ ಆ ಪದರ ಮೇಲಕ್ಕೆ, ಬೇರಿನ ಹತ್ತಿರಕ್ಕೆ ಬರುತ್ತದೆ, ಅಷ್ಟೆ. ಅದರ ಬದಲು ಮಣ್ಣಿನ ಮಿಶ್ರಣಕ್ಕೇ ದಪ್ಪ ಮರಳು ಅಥವಾ ಪರ್ಲೈಟ್ (ಹಗುರವಾದ ಬಿಳಿ ಕಲ್ಲಿನ ಹರಳು) ಸೇರಿಸಿ. ತೂತುಗಳು ಮುಚ್ಚಿಹೋಗದಂತೆ ಕುಂಡವನ್ನು ಎರಡು ಹೆಂಚಿನ ಚೂರಿನ ಮೇಲೆ ಕೂರಿಸಿ. ಅಡಿಯಲ್ಲಿ ತಟ್ಟೆ ಇಡಬೇಡಿ. ನೆಲದ ಮಣ್ಣು ಜೇಡಿಯಾಗಿದ್ದರೆ ಏರು ಮಡಿ ಮಾಡಿಕೊಳ್ಳುವುದು ನನಗೆ ಗೊತ್ತಿರುವ ಅತ್ಯುತ್ತಮ ದಾರಿ. ಒಂದು ಗೇಣು ಎತ್ತರ ಸಿಕ್ಕರೂ ಸಾಕು, ನೀರು ಪಕ್ಕಕ್ಕೆ ಇಳಿದುಹೋಗುತ್ತದೆ. ವಸಂತದಲ್ಲಿ ಆ ಮಣ್ಣು ಬೇಗ ಬಿಸಿಯೂ ಆಗುತ್ತದೆ. ಒದ್ದೆ ಮಣ್ಣಿನ ಮೇಲೆ ಮಾತ್ರ ಓಡಾಡಬೇಡಿ. ಒಂದು ಸಲ ತುಳಿದು ಗಟ್ಟಿಯಾದ ಜೇಡಿಮಣ್ಣು ಮತ್ತೆ ಸಡಿಲವಾಗಲು ವರ್ಷಗಳೇ ಬೇಕು.

ಬೀಜದ ಕಷ್ಟ ಬೇರೆಯೇ. ಎರಡನೇ ವರ್ಷ ಹುರುಳಿಕಾಯಿ ಬೀಜ ಹಾಕಿ ಮೂರು ವಾರ ಕಾದೆ. ಒಂದೂ ಹುಟ್ಟಲಿಲ್ಲ. ಕೆದಕಿ ನೋಡಿದರೆ ಬೀಜಗಳೆಲ್ಲ ಗಂಜಿಯಾಗಿದ್ದವು. ಮಣ್ಣು ಸುಮಾರು 12 ಡಿಗ್ರಿ ಸೆಲ್ಸಿಯಸ್ ಆಗುವ ತನಕ ಈ ಬೀಜಕ್ಕೆ ಮೊಳೆಯುವ ಶಕ್ತಿ ಬರುವುದಿಲ್ಲ. ಅಲ್ಲಿಯವರೆಗೆ ಅದು ನೀರು ಕುಡಿದು ಊದಿಕೊಂಡು ಸುಮ್ನೆ ಬಿದ್ದಿರುತ್ತದೆ, ಅಷ್ಟರಲ್ಲಿ ಕೊಳೆಯುತ್ತದೆ. ಬಟಾಣಿಗೆ ಅಷ್ಟು ಬಿಸಿ ಬೇಡ. ಕ್ಯಾಲೆಂಡರ್ ನೋಡಿ ಬಿತ್ತುವುದನ್ನು ಅಂದೇ ಬಿಟ್ಟೆ. ಈಗ ಮಣ್ಣಿಗೆ ಚುಚ್ಚುವ ಒಂದು ಥರ್ಮಾಮೀಟರ್ ಇಟ್ಟುಕೊಂಡಿದ್ದೇನೆ. ಬೆಳಿಗ್ಗೆ ಎದ್ದ ಕೂಡಲೇ ನೋಡುತ್ತೇನೆ, ಯಾಕೆಂದರೆ ಮಧ್ಯಾಹ್ನದ ಲೆಕ್ಕ ಮೋಸ ಮಾಡುತ್ತದೆ. ಹೊದಿಕೆಯನ್ನೂ ಮಣ್ಣು ಬಿಸಿಯಾದ ಮೇಲೆಯೇ ಹಾಕುತ್ತೇನೆ. ಮೊದಲೇ ಹಾಕಿದರೆ ಚಳಿಯನ್ನು ಒಳಗೆ ಕೂಡಿಹಾಕಿದ ಹಾಗೆ ಆಗುತ್ತದೆ.

ಟ್ರೇಯಲ್ಲಿ ಹಾಕಿದ ಸಸಿಗಳು ಚೆನ್ನಾಗಿ ಹುಟ್ಟಿ, ಒಂದು ಬೆಳಿಗ್ಗೆ ಬುಡದಲ್ಲಿ ಸಣ್ಣಗಾಗಿ ಸಾಲಾಗಿ ಮಲಗಿಬಿಟ್ಟಿರುವುದನ್ನು ನೋಡಿದ್ದೀರಾ? ಇದನ್ನು ಸಸಿ ಸಾಯುವ ರೋಗ ಅನ್ನುತ್ತಾರೆ. ಪಿಥಿಯಂ ಅನ್ನುವ ಜೀವಿಯೇ ಹೆಚ್ಚಾಗಿ ಇದಕ್ಕೆ ಕಾರಣ. ಬಿದ್ದ ಸಸಿ ಏಳುವುದಿಲ್ಲ. ತಡೆಯಬಹುದು ಅಷ್ಟೆ. ಬೀಜ ತೆಳ್ಳಗೆ ಹಾಕಿ. ಹಳೆಯ ಟ್ರೇ ತೊಳೆದು ಬಳಸಿ. ನೀರನ್ನು ಮೇಲಿಂದ ಚಿಮುಕಿಸುವ ಬದಲು ಟ್ರೇಯನ್ನೇ ನೀರಿನಲ್ಲಿ ಹತ್ತು ನಿಮಿಷ ಇಟ್ಟು ತೆಗೆಯಿರಿ. ಮೊಳಕೆ ಕಂಡ ದಿನವೇ ಮುಚ್ಚಳ ತೆಗೆದುಬಿಡಿ. ನಾನು ಸಸಿಗಳ ಹತ್ತಿರ ಒಂದು ಸಣ್ಣ ಫ್ಯಾನನ್ನು ಕಡಿಮೆ ವೇಗದಲ್ಲಿ ಓಡಿಸುತ್ತೇನೆ. ಅದು ಬಂದ ಮೇಲೆ ಈ ತೊಂದರೆ ನನ್ನ ಮನೆಯಲ್ಲಿ ಬಹುತೇಕ ನಿಂತಿದೆ.

ಈ ಪಿಥಿಯಂ ಬಗ್ಗೆ ಓದುವಾಗ ಒಂದು ವಿಷಯ ತಿಳಿದು ನನಗೆ ಇಡೀ ತೋಟವೇ ಬೇರೆ ರೀತಿ ಕಾಣತೊಡಗಿತು. ಸಸಿ ಬೀಳಿಸುವ ಪಿಥಿಯಂ, ಬೇರು ಕೊಳೆಸುವ ಮತ್ತು ಟೊಮೆಟೊ ಸುಡುವ ಫೈಟಾಫ್ತೊರಾ, ಎಲೆಯಡಿ ಬೂಷ್ಟು ಹಿಡಿಸುವ ಕೇದಿಗೆ ರೋಗ, ಇವೆಲ್ಲ ಒಂದೇ ಬಳಗ. ಶಿಲೀಂಧ್ರದ ಹಾಗೆ ಕಾಣುತ್ತವೆ, ಆದರೆ ಶಿಲೀಂಧ್ರಗಳಲ್ಲ. ಇವಕ್ಕೆ ಊಮೈಸೀಟ್ ಅನ್ನುತ್ತಾರೆ. ಸಮುದ್ರದ ಕಂದು ಪಾಚಿಗಳು ಇವುಗಳ ನೆಂಟರು. ಇವುಗಳಲ್ಲಿ ಬಹಳಷ್ಟರ ಬೀಜಕಣಗಳಿಗೆ ಬಾಲ ಇರುತ್ತದೆ, ಅವು ನೀರಿನಲ್ಲಿ ಈಜುತ್ತವೆ. ಎಲೆಯ ಮೇಲಿನ ಮಳೆಹನಿ ಅವುಗಳ ಪಾಲಿಗೆ ಕೆರೆ. ಆ ಕೆರೆ ಬತ್ತುವ ಮೊದಲು ಅವು ದಡ ಸೇರಿ ಎಲೆಯೊಳಗೆ ನುಗ್ಗಬೇಕು. ಎಲೆ ಬೇಗ ಒಣಗಿದರೆ ಅವು ಅಲ್ಲೇ ಸಾಯುತ್ತವೆ.

ಟೊಮೆಟೊ ಮತ್ತು ಆಲೂಗಡ್ಡೆಯ ಅಂಗಮಾರಿ ರೋಗದ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ತಂಪು ತೇವದ ತೋಟದಲ್ಲಿ ಇದರಷ್ಟು ಮನಸ್ಸು ಮುರಿಯುವುದು ಬೇರೊಂದಿಲ್ಲ. ನನ್ನ ಹದಿನಾಲ್ಕು ಟೊಮೆಟೊ ಗಿಡಗಳು ಕಾಯಿ ತುಂಬಿಕೊಂಡು ನಿಂತಿದ್ದವು. ನಾಲ್ಕು ದಿನ ಬಿಡದೆ ಮಳೆ ಬಂತು. ಐದನೇ ದಿನ ಎಲೆಯ ಅಂಚಿನಲ್ಲಿ ಎಣ್ಣೆ ಸವರಿದಂಥ ಕಪ್ಪು ಮಚ್ಚೆ ಕಂಡಿತು. ಎಲೆ ತಿರುಗಿಸಿದರೆ ಮಚ್ಚೆಯ ಸುತ್ತ ಬಿಳಿ ನವಿರು. ಕಾಂಡದ ಮೇಲೆ ಕಂದು ಪಟ್ಟೆ. ಒಂದು ವಾರದೊಳಗೆ ಹದಿನಾಲ್ಕೂ ಹೋದವು. ಕಾಯಿಗಳು ತಾಮ್ರದ ಬಣ್ಣಕ್ಕೆ ತಿರುಗಿ ಕಲ್ಲಿನಂತೆ ಗಟ್ಟಿಯಾಗಿ ಕೊಳೆತವು. ಆ ಮಡಿಯ ಹತ್ತಿರ ಹೋಗಲು ನನಗೆ ಎಷ್ಟೋ ದಿನ ಮನಸ್ಸೇ ಬರಲಿಲ್ಲ.

ಈ ಒಂದು ರೋಗ 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆ ಹೊಲಗಳಿಗೆ ಬಂತು. ಆಲೂಗಡ್ಡೆಯನ್ನೇ ನಂಬಿ ಬದುಕಿದ್ದ ಆ ನಾಡಿನಲ್ಲಿ ಮುಂದಿನ ವರ್ಷಗಳಲ್ಲಿ ಸುಮಾರು 10 ಲಕ್ಷ ಜನ ಹಸಿವು ಮತ್ತು ಕಾಯಿಲೆಯಿಂದ ಸತ್ತರು. ಅದಕ್ಕೂ ಹೆಚ್ಚು ಜನ ಊರು ಬಿಟ್ಟು ಹೋದರು. ಬೆಳೆ ಕೈಕೊಟ್ಟಾಗ ಅಲ್ಲಿನ ಆಳ್ವಿಕೆ ನಡೆದುಕೊಂಡ ರೀತಿಯೂ ಆ ಸಾವುಗಳಿಗೆ ಕಾರಣ. ಈ ರೋಗ ತರುವ ಜೀವಿಗೆ ಫೈಟಾಫ್ತೊರಾ ಎಂಬ ಹೆಸರು ಕೊಟ್ಟವರು ಜರ್ಮನಿಯ ವಿಜ್ಞಾನಿ ಆಂಟನ್ ಡಿ ಬಾರಿ, 1876ರಲ್ಲಿ. ಗ್ರೀಕ್ ಭಾಷೆಯಲ್ಲಿ ಗಿಡವನ್ನು ನಾಶ ಮಾಡುವುದು ಅಂತ ಅದರ ಅರ್ಥ. ನನ್ನ ಹದಿನಾಲ್ಕು ಗಿಡಗಳ ಮುಂದೆ ನಿಂತಾಗ ಆ ಜನರ ನೆನಪು ಬಂದಿತ್ತು. ನನಗೆ ಹೋದದ್ದು ಒಂದು ಮಡಿ, ಅಷ್ಟೆ.

ರೋಗ ಯಾವಾಗ ಬರುತ್ತದೆ ಅನ್ನುವುದಕ್ಕೆ ಲೆಕ್ಕ ಇದೆ. ಬ್ರಿಟನ್ನಿನಲ್ಲಿ ಬೆಳೆಗಾರರನ್ನು ಎಚ್ಚರಿಸಲು ಬಹಳ ಕಾಲ ಬಳಸಿದ ಒಂದು ನಿಯಮ ಹೀಗಿತ್ತು: ಸತತ ಎರಡು ದಿನ ಉಷ್ಣಾಂಶ 10 ಡಿಗ್ರಿಗಿಂತ ಕೆಳಗೆ ಇಳಿಯಬಾರದು, ಎರಡೂ ದಿನ ಕನಿಷ್ಠ 11 ಗಂಟೆ ಗಾಳಿಯ ತೇವ ಶೇಕಡಾ 90 ಅಥವಾ ಅದಕ್ಕಿಂತ ಹೆಚ್ಚು ಇರಬೇಕು. ಹಾಗಿದ್ದರೆ ರೋಗ ಬರುವ ಸಂಭವ ಇದೆ ಅಂತ. 2017ರಲ್ಲಿ ಅದನ್ನು ಬದಲಿಸಿ 11 ಗಂಟೆಯನ್ನು 6 ಗಂಟೆಗೆ ಇಳಿಸಿದರು. ಆರೇ ಗಂಟೆ! ಅಂದರೆ ಒಂದು ರಾತ್ರಿಯ ನಿದ್ದೆಯಷ್ಟು ಹೊತ್ತು.

ಈ ಲೆಕ್ಕ ಗೊತ್ತಾದ ಮೇಲೆ ನಾನು ಮಾಡುವುದೆಲ್ಲ ಆ ಗಂಟೆಗಳನ್ನು ಕಡಿಮೆ ಮಾಡುವ ಕೆಲಸವೇ. ಸಂಜೆ ನೀರು ಹಾಕುವುದಿಲ್ಲ. ಬೆಳಿಗ್ಗೆ, ಬುಡಕ್ಕೆ ಮಾತ್ರ. ಗಿಡಗಳ ನಡುವೆ ಮೊದಲಿಗಿಂತ ಅರ್ಧ ಜಾಸ್ತಿ ಜಾಗ ಬಿಡುತ್ತೇನೆ. ಹದಿನಾಲ್ಕರ ಜಾಗದಲ್ಲಿ ಈಗ ಎಂಟು ಗಿಡ, ಹಣ್ಣು ಮಾತ್ರ ಮೊದಲಿಗಿಂತ ಹೆಚ್ಚು. ಮೊದಲ ಗೊನೆ ಬಿಟ್ಟ ಮೇಲೆ ಅದರ ಕೆಳಗಿನ ಎಲೆಗಳನ್ನೆಲ್ಲ ಒಂದೊಂದಾಗಿ ತೆಗೆಯುತ್ತೇನೆ. ಎಲ್ಲಕ್ಕಿಂತ ಹೆಚ್ಚು ಉಪಕಾರವಾದದ್ದು ತಲೆಯ ಮೇಲಿನ ಚಪ್ಪರ. ನಾಲ್ಕು ಗಳ ನೆಟ್ಟು ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಕಟ್ಟಿದ್ದೇನೆ. ನಾಲ್ಕೂ ಬದಿ ತೆರೆದೇ ಇರಬೇಕು, ಇದು ಮುಖ್ಯ. ಬದಿ ಮುಚ್ಚಿದರೆ ಒಳಗಿನ ಉಗಿ ಹನಿಯಾಗಿ ಎಲೆಗೇ ಬೀಳುತ್ತದೆ, ಮಳೆ ತಪ್ಪಿಸಿದ್ದಕ್ಕೆ ಅರ್ಥವೇ ಇರುವುದಿಲ್ಲ. ಬೇಗ ಹಣ್ಣಾಗುವ ತಳಿಗಳನ್ನೇ ಹಾಕುತ್ತೇನೆ, ಮಳೆ ಜೋರಾಗುವ ಮೊದಲೇ ಅರ್ಧ ಬೆಳೆ ಕೈಗೆ ಬಂದಿರುತ್ತದೆ.

ಆಲೂಗಡ್ಡೆಗೆ ಚಪ್ಪರ ಕಟ್ಟಲಾಗುವುದಿಲ್ಲ. ಅಲ್ಲಿ ರೋಗ ಕಂಡ ಕೂಡಲೇ ಮೇಲಿನ ಗಿಡವನ್ನೆಲ್ಲ ನೆಲಮಟ್ಟಕ್ಕೆ ಕತ್ತರಿಸಿ ಹೊರಗೆ ಸಾಗಿಸಬೇಕು. ಎರಡು ವಾರ ಬಿಟ್ಟು ಗೆಡ್ಡೆ ಅಗೆಯಬೇಕು. ಅಷ್ಟರಲ್ಲಿ ಸಿಪ್ಪೆ ಬಲಿಯುತ್ತದೆ, ಮಣ್ಣಿನ ಮೇಲೆ ಬಿದ್ದ ಬೀಜಕಣಗಳೂ ಸಾಯುತ್ತವೆ. ಒಂದು ಗೆಡ್ಡೆಯನ್ನೂ ನೆಲದಲ್ಲಿ ಮರೆಯಬೇಡಿ. ಈ ರೋಗ ಚಳಿಗಾಲ ಕಳೆಯುವುದು ಹೆಚ್ಚಾಗಿ ಜೀವಂತ ಗೆಡ್ಡೆಯೊಳಗೆ. ರೋಗ ತಗುಲುವ ಮೊದಲೇ ಕಿತ್ತ ಹಸಿರು ಟೊಮೆಟೊ ಒಳಗೆ ಇಟ್ಟರೂ ಹಣ್ಣಾಗುತ್ತದೆ. ದಿನಾ ಒಂದೊಂದನ್ನೂ ತಿರುಗಿಸಿ ನೋಡಿ, ಮಚ್ಚೆ ಬಂದದ್ದನ್ನು ಬೇರೆ ಮಾಡಬೇಕು.

ಔಷಧಿ ಹೊಡೆಯಬಹುದಲ್ವಾ ಅಂತ ಕೇಳುವವರಿದ್ದಾರೆ. ಮೈಲುತುತ್ತ ಮತ್ತು ಸುಣ್ಣ ಸೇರಿಸಿದ ಬೋರ್ಡೋ ದ್ರಾವಣದ ಕಥೆ ಚೆನ್ನಾಗಿದೆ. ಫ್ರಾನ್ಸಿನ ಬೋರ್ಡೋ ಸೀಮೆಯ ದ್ರಾಕ್ಷಿ ಬೆಳೆಗಾರರು ದಾರಿಹೋಕರು ಹಣ್ಣು ಕೀಳದಿರಲಿ ಅಂತ ರಸ್ತೆ ಬದಿಯ ಬಳ್ಳಿಗಳಿಗೆ ಈ ನೀಲಿ ದ್ರಾವಣ ಎರಚುತ್ತಿದ್ದರು. ಆ ಬಳ್ಳಿಗಳಿಗೆ ಮಾತ್ರ ಕೇದಿಗೆ ರೋಗ ಬರಲಿಲ್ಲ ಅನ್ನುವುದನ್ನು ಮಿಲ್ಲಾರ್ಡೆ ಎಂಬ ಸಸ್ಯ ವಿಜ್ಞಾನಿ ಗಮನಿಸಿ, ಪ್ರಯೋಗ ಮಾಡಿ, 1885ರಲ್ಲಿ ಪ್ರಕಟಿಸಿದರು. ಅದು ಇಂದಿಗೂ ಕೆಲಸ ಮಾಡುತ್ತದೆ, ಆದರೆ ರೋಗ ಬರುವ ಮೊದಲು ಹೊಡೆದರೆ ಮಾತ್ರ. ಬಂದ ರೋಗವನ್ನು ಅದು ವಾಸಿ ಮಾಡುವುದಿಲ್ಲ. ಮಳೆಗೆ ತೊಳೆದುಹೋಗುತ್ತದೆ, ಮತ್ತೆ ಹೊಡೆಯಬೇಕು. ಮೈಲುತುತ್ತದಲ್ಲಿರುವ ತಾಮ್ರ ಮಣ್ಣಿನಲ್ಲಿ ವರ್ಷ ವರ್ಷವೂ ಸೇರುತ್ತಾ ಹೋಗಿ ಎರೆಹುಳುಗಳಿಗೆ ತೊಂದರೆ ಕೊಡುತ್ತದೆ. ಎಂಟು ಗಿಡಗಳಿಗಾಗಿ ಎರೆಹುಳುಗಳನ್ನು ಕಳೆದುಕೊಳ್ಳಲು ನನಗೆ ಇಷ್ಟವಿಲ್ಲ. ನಾನು ಬಳಸುವುದಿಲ್ಲ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಎಲೆಯ ಮೇಲೆ ಹಿಟ್ಟು ಚೆಲ್ಲಿದಂತೆ ಕಾಣುವ ಬೂದಿ ರೋಗ ಈ ಊಮೈಸೀಟ್ ಗುಂಪಿಗೆ ಸೇರಿದ್ದಲ್ಲ. ಅದು ನಿಜವಾದ ಶಿಲೀಂಧ್ರ, ಅದಕ್ಕೆ ಒದ್ದೆ ಎಲೆ ಬೇಕಿಲ್ಲ. ಬುಡ ಒಣಗಿ ಗಾಳಿ ಮಾತ್ರ ತೇವವಾಗಿದ್ದಾಗ ಅದು ಜೋರಾಗುತ್ತದೆ. ಅದಕ್ಕೆ ಬುಡಕ್ಕೆ ಚೆನ್ನಾಗಿ ನೀರು ಕೊಡಬೇಕು. ಎರಡನ್ನೂ ಒಂದೇ ಅಂದುಕೊಂಡರೆ ಚಿಕಿತ್ಸೆ ಪೂರ್ತಿ ಉಲ್ಟಾ ಆಗುತ್ತದೆ.

ಇನ್ನು ಸ್ಲಗ್, ಅಂದರೆ ಚಿಪ್ಪಿಲ್ಲದ ಬಸವನಹುಳು. ಅದರ ಮೈಯೆಲ್ಲ ನೀರು, ಒಣ ಜಾಗದಲ್ಲಿ ಬದುಕಲಾರದು. ತೇವದ ತೋಟ ಅದಕ್ಕೆ ತವರು. ಮೊಟ್ಟೆ ಚಿಪ್ಪು, ಮರಳು, ತಾಮ್ರದ ಪಟ್ಟಿ, ನಾನು ಎಲ್ಲವನ್ನೂ ಇಟ್ಟು ನೋಡಿದೆ. ಬೆಳಿಗ್ಗೆ ಎದ್ದರೆ ಮೊಟ್ಟೆ ಚಿಪ್ಪಿನ ಮೇಲೆಯೇ ಬೆಳ್ಳಿಯ ಜಾಡು. ಬ್ರಿಟನ್ನಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿ 2018ರಲ್ಲಿ ಇಂಥದ್ದೇ ತಡೆಗಳನ್ನು ಪರೀಕ್ಷಿಸಿತು. ತಾಮ್ರದ ಪಟ್ಟಿ, ಹರಳು, ಮರದ ತೊಗಟೆ, ಉಣ್ಣೆಯ ಉಂಡೆ, ಮೊಟ್ಟೆ ಚಿಪ್ಪು. ತಡೆ ಇಟ್ಟ ಲೆಟ್ಯೂಸಿಗೂ ಇಡದ ಲೆಟ್ಯೂಸಿಗೂ ಹಾನಿಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಅದನ್ನು ಓದಿ ನನಗೆ ನಿಜಕ್ಕೂ ಸಮಾಧಾನವಾಯಿತು.

ನನ್ನ ಅನುಭವದಲ್ಲಿ ಫಲ ಕೊಟ್ಟದ್ದು ಟಾರ್ಚ್. ಮಳೆ ನಿಂತ ರಾತ್ರಿ, ಕತ್ತಲಾಗಿ ಒಂದೆರಡು ಗಂಟೆ ಕಳೆದ ಮೇಲೆ ಹೊರಗೆ ಹೋಗಿ. ಮೊದಲ ರಾತ್ರಿ ಒಂದೇ ಮಡಿಯಲ್ಲಿ 63 ಹಿಡಿದೆ. ಸತತ ಒಂದು ವಾರ ಹೋದ ಮೇಲೆ ಹತ್ತಕ್ಕಿಂತ ಕಡಿಮೆಯಾಯಿತು. ಹಗಲು ಹೊತ್ತಿನಲ್ಲಿ ಮಡಿಯ ಪಕ್ಕ ಒಂದು ಒದ್ದೆ ಹಲಗೆ ಹಾಕಿಡಿ, ಅಡಿಯಲ್ಲಿ ಸೇರಿಕೊಂಡಿರುತ್ತವೆ. ಕುಂಡ ಎತ್ತಿದಾಗ ಸಣ್ಣ ಮುತ್ತುಗಳ ಹಾಗೆ ಗೊಂಚಲು ಕಂಡರೆ ಅವು ಮೊಟ್ಟೆಗಳು, ಹೊರಗೆ ತೆಗೆದು ಹಕ್ಕಿಗಳಿಗೆ ಕಾಣುವಂತೆ ಇಡಿ. ಸಸಿಯನ್ನು ಅಂಗೈಯಷ್ಟು ದೊಡ್ಡದಾದ ಮೇಲೆ ನೆಡಿ, ನಾಲ್ಕು ಎಲೆ ಹೋದರೂ ತಾಳಿಕೊಳ್ಳುತ್ತದೆ. ಸ್ಲಗ್‌ಗಳನ್ನು ಕೊಲ್ಲುವ ನೆಮಟೋಡ್‌ಗಳೂ ಸಿಗುತ್ತವೆ, ಬರಿಗಣ್ಣಿಗೆ ಕಾಣದ ಹುಳುಗಳು. ಮಣ್ಣು 5 ಡಿಗ್ರಿಗಿಂತ ಬೆಚ್ಚಗಿದ್ದು ತೇವವಾಗಿದ್ದರೆ ಅವು ಕೆಲಸ ಮಾಡುತ್ತವೆ. ಕಾಳಿನ ರೂಪದ ವಿಷ ಹಾಕಲೇಬೇಕಾದರೆ ಫೆರಿಕ್ ಫಾಸ್ಫೇಟ್ ಇರುವುದನ್ನು ನೋಡಿ ತನ್ನಿ. ಮೆಟಾಲ್ಡಿಹೈಡ್ ಇರುವುದನ್ನು ದಯವಿಟ್ಟು ತರಬೇಡಿ, ಅದು ನಾಯಿಗಳ ಜೀವ ತೆಗೆಯುತ್ತದೆ. ಎಲ್ಲ ಸ್ಲಗ್‌ಗಳೂ ಶತ್ರುಗಳಲ್ಲ ಅನ್ನುವುದೂ ನೆನಪಿರಲಿ. ಮೈಮೇಲೆ ಚಿರತೆಯಂತೆ ಮಚ್ಚೆ ಇರುವ ದೊಡ್ಡ ಸ್ಲಗ್ ಹೆಚ್ಚಾಗಿ ಕೊಳೆತದ್ದನ್ನು, ಬೂಷ್ಟನ್ನು ತಿನ್ನುತ್ತದೆ, ಬೇರೆ ಸ್ಲಗ್‌ಗಳನ್ನೂ ತಿನ್ನುತ್ತದೆ. ಅದನ್ನು ಕಂಡರೆ ನಾನು ಟಾರ್ಚ್ ಬೇರೆ ಕಡೆ ತಿರುಗಿಸುತ್ತೇನೆ.

ಮಳೆ ಜಾಸ್ತಿ ಇರುವ ಕಡೆ ಮಣ್ಣು ನಿಧಾನವಾಗಿ ಹುಳಿಯಾಗುತ್ತದೆ. ನೀರು ಕೆಳಗಿಳಿಯುವಾಗ ಸುಣ್ಣದ ಅಂಶವನ್ನು, ಮೆಗ್ನೀಸಿಯಂ ಅನ್ನು ಜೊತೆಗೇ ಒಯ್ಯುತ್ತದೆ. ಪಿಎಚ್, ಅಂದರೆ ಮಣ್ಣಿನ ಹುಳಿಯ ಅಳತೆ, ಪರೀಕ್ಷೆ ಮಾಡಿಸದೆ ಸುಣ್ಣ ಹಾಕಬೇಡಿ. ಪಿಎಚ್ ಒಂದು ಅಂಕಿ ಇಳಿದರೆ ಹುಳಿ ಹತ್ತು ಪಟ್ಟು ಏರಿದೆ ಅಂತ ಅರ್ಥ, ಹಾಗಾಗಿ ಅಂದಾಜು ಸಾಲದು. ಸುಣ್ಣವನ್ನು ಹಸಿ ಗೊಬ್ಬರದ ಜೊತೆ ಒಟ್ಟಿಗೆ ಹಾಕಿದರೆ ಸಾರಜನಕ ಅಮೋನಿಯಾ ಆಗಿ ಹಾರಿಹೋಗುತ್ತದೆ, ಎರಡರ ನಡುವೆ ಕೆಲವು ತಿಂಗಳು ಅಂತರ ಇರಲಿ. ಎಲೆಕೋಸಿನ ಜಾತಿಯ ಗಿಡಗಳ ಬೇರು ಗಡ್ಡೆಗಡ್ಡೆಯಾಗಿ ಊದುವ ಕ್ಲಬ್ ರೂಟ್ ರೋಗಕ್ಕೆ ಇಂಥ ಹುಳಿ, ಒದ್ದೆ ಮಣ್ಣೇ ಇಷ್ಟ. ಅದರ ಬೀಜಕಣ ಮಣ್ಣಿನಲ್ಲಿ ಹತ್ತಾರು ವರ್ಷ ಉಳಿಯಬಲ್ಲದು. ಒಮ್ಮೆ ಬಂದ ಮೇಲೆ ಓಡಿಸುವುದು ಆಗದ ಮಾತು. ಸುಣ್ಣ ಹಾಕಿ ಪಿಎಚ್ 7ರ ಮೇಲೆ ಇಟ್ಟರೆ ಕಾಟ ಕಡಿಮೆಯಾಗುತ್ತದೆ. ಬೇರೆಯವರ ತೋಟದಿಂದ ಕೋಸಿನ ಸಸಿ ತರುವ ಮೊದಲು ಅದರ ಬೇರು ನೋಡಿ.

ಅಂಗಳದ ಹಾವಸೆಯ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ನೆರಳು ಮತ್ತು ತೇವ ಇರುವ ತನಕ ಅದು ಬರುತ್ತದೆ. ಕಾಲು ಜಾರುವ ಕಡೆ ಕೆರೆದು ತೆಗೆಯಿರಿ, ಉಳಿದ ಕಡೆ ಅದರ ಪಾಡಿಗೆ ಬಿಡಿ. ಗೊಬ್ಬರದ ಗುಂಡಿ ನಾರುತ್ತಿದ್ದರೆ ಒಣ ತರಗೆಲೆ, ಹರಿದ ರಟ್ಟು ಸೇರಿಸಿ ಬುಡಮೇಲು ಮಾಡಿ, ಮೇಲೆ ಮುಚ್ಚಳ ಹಾಕಿ. ಒಂದು ವಾರದಲ್ಲಿ ವಾಸನೆ ಹೋಗುತ್ತದೆ.

ಈ ಹವೆಯನ್ನು ಬೈದುಕೊಂಡೇ ನಾನು ಮೂರು ವರ್ಷ ಕಳೆದೆ. ಬಿಸಿಲಿನ ಬೆಳೆಗಳನ್ನು ಬೆಳೆಯಲೇಬೇಕೆಂಬ ಹಟ ಇತ್ತು. ಆಮೇಲೆ ಒಂದು ಮಡಿಯಲ್ಲಿ ಬಟಾಣಿ, ಪಾಲಕ್, ಲೆಟ್ಯೂಸ್, ಕ್ಯಾರೆಟ್ ಹಾಕಿದೆ. ಬಿಸಿಲು ಸೀಮೆಯಲ್ಲಿ ವಾರದೊಳಗೆ ಹೂ ಬಿಟ್ಟು ಕಹಿಯಾಗುವ ಲೆಟ್ಯೂಸ್ ಇಲ್ಲಿ ವಾರಗಟ್ಟಲೆ ಎಳಸಾಗಿಯೇ ನಿಂತಿತು. ದಿನಾ ಹೊರಗಿನ ನಾಲ್ಕು ಎಲೆ ಕಿತ್ತರೆ ಒಳಗಿಂದ ಮತ್ತೆ ನಾಲ್ಕು. ಈಗ ತೋಟದ ಮುಕ್ಕಾಲು ಭಾಗ ಇವುಗಳಿಗೇ. ಟೊಮೆಟೊಗೆ ಚಪ್ಪರದ ಅಡಿಯ ಆ ಒಂದು ಮಡಿ ಮಾತ್ರ.

ಕಳೆದ ಎರಡು ರಾತ್ರಿ ಹೊರಗಿನ ಗಾಳಿಯ ಉಷ್ಣಾಂಶ 12 ಡಿಗ್ರಿಯಿಂದ ಕೆಳಗೆ ಇಳಿದಿಲ್ಲ. ಇವತ್ತು ಬೆಳಿಗ್ಗೆ ಏಳು ಗಂಟೆಗೆ ಆಲೂಗಡ್ಡೆ ಗಿಡಗಳ ಎಲೆ ಒದ್ದೆ ಇತ್ತು. ಒಂಬತ್ತಕ್ಕೂ ಒದ್ದೆ. ಹತ್ತೂವರೆಗೆ ಸಣ್ಣ ಗಾಳಿ ಬೀಸಿತು, ಹನ್ನೊಂದರ ಹೊತ್ತಿಗೆ ಕೈಗೆ ಒಣಗಿದ ಹಾಗೆ ಅನ್ನಿಸಿತು. ಎಲೆಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದೆ, ಬಿಳಿ ನವಿರು ಎಲ್ಲೂ ಇಲ್ಲ. ಕತ್ತರಿಯನ್ನು ಮಾತ್ರ ಬಾಗಿಲ ಹತ್ತಿರವೇ ಇಟ್ಟಿದ್ದೇನೆ.